ಡ್ರೈ ಐಸ್ ಪ್ಯಾಕ್ ಮಾಡುತ್ತೀರಾ? ಮೊದಲು ಟೇಪ್ ಕೆಳಗಿಡಿ

ರಕ್ತದ ಮಾದರಿಯೋ ಲಸಿಕೆಯೋ, ವಿಮಾನದಲ್ಲಿ ಮಂಜುಗಡ್ಡೆಯಂತೆ ಗಟ್ಟಿಯಾಗಿಯೇ ತಲುಪಬೇಕೆಂದರೆ ಡ್ರೈ ಐಸ್, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್, ಬೇಕು. ಹೊಸಬರು ಎಡವುವುದು ಹೆಚ್ಚಾಗಿ ಒಂದೇ ಕಡೆ. ತಂಪು ಹೊರಗೆ ಹೋಗಬಾರದು ಎಂದು ಪೆಟ್ಟಿಗೆಗೆ ಸುತ್ತಲೂ ಟೇಪ್ ಬಿಗಿದುಬಿಡುತ್ತಾರೆ.

ಮೊದಲು ತರಬೇತಿ. ವಿಮಾನ ಸಾಗಣೆಯ ನಿಯಮದಲ್ಲಿ ಡ್ರೈ ಐಸ್ 9ನೇ ವರ್ಗದ ಅಪಾಯಕಾರಿ ಸರಕು. ಪ್ಯಾಕ್ ಮಾಡುವವರು, ಕಾಗದಪತ್ರ ಬರೆಯುವವರು ತಮ್ಮ ಕೆಲಸಕ್ಕೆ ತಕ್ಕಂತೆ ಕಲಿಯಬೇಕು, 24 ತಿಂಗಳೊಳಗೆ ಮತ್ತೆ ಕಲಿಯಬೇಕು. ಸುಮ್ನೆ ಸ್ಲೈಡ್ ತೋರಿಸಿ ಸರ್ಟಿಫಿಕೇಟ್ ಕೊಡುವ ಕೋರ್ಸ್ ಬೇಡ. ಕೈಗೆ ಪೆಟ್ಟಿಗೆ ಕೊಟ್ಟು ಪ್ಯಾಕ್ ಮಾಡಿಸುವ ಕಡೆಯೇ ಸೇರಿ.

ಈಗ ಪ್ಯಾಕಿಂಗ್. ಡ್ರೈ ಐಸ್ ನೀರಾಗುವುದಿಲ್ಲ. ಮೈನಸ್ 78.5 ಡಿಗ್ರಿಯಲ್ಲಿ ನೇರ ಗ್ಯಾಸ್ ಆಗುತ್ತದೆ. ಒಂದು ಕೆಜಿಯಿಂದ ಬರುವುದು 500 ಲೀಟರಿಗೂ ಜಾಸ್ತಿ ಗ್ಯಾಸ್! ಅದಕ್ಕೆ ದಾರಿ ಇಲ್ಲದಿದ್ದರೆ ಪೆಟ್ಟಿಗೆ ಉಬ್ಬುತ್ತದೆ, ಆಮೇಲೆ ಸಿಡಿಯುತ್ತದೆ. ಹಾಗಾಗಿ ಒಳಗೆ ದಪ್ಪ ಥರ್ಮಾಕೋಲ್ ಪೆಟ್ಟಿಗೆ, ಹೊರಗೆ ಗಟ್ಟಿ ರಟ್ಟಿನದು. ಥರ್ಮಾಕೋಲ್ ಮುಚ್ಚಳವನ್ನು ಬರೀ ಕೂರಿಸಿ, ಟೇಪ್ ಮುಟ್ಟಿಸಬೇಡಿ. ರಟ್ಟಿನ ಪೆಟ್ಟಿಗೆಗೆ ಎರಡು ಮಡಿಕೆ ಸೇರುವಲ್ಲಿ ಟೇಪ್ ಹಾಕಿ, ಅಂಚುಗಳನ್ನೆಲ್ಲ ಮುಚ್ಚಬೇಡಿ. ಐಸನ್ನು ಜಿಪ್ ಕವರಿಗೆ ತುಂಬಬಾರದು, ತಿರುಪು ಮುಚ್ಚಳದ ಫ್ಲಾಸ್ಕಂತೂ ಬೇಡವೇ ಬೇಡ. 'ಒಂಚೂರೂ ಗಾಳಿಯಾಡದು' ಎಂದು ಹೊಗಳಿಕೊಳ್ಳುವ ಐಸ್ ಬಾಕ್ಸ್‌ಗಳು ಈ ಕೆಲಸಕ್ಕೆ ಬಾರವು.

ರೋಗಿಗಳ ಮಾದರಿ ಕಳಿಸುವವರು ಮರೆಯುವುದು ಇನ್ನೊಂದಿದೆ. ಸೋರದಂತೆ ಮುಚ್ಚಿದ ಡಬ್ಬಿಯೊಳಗೆ ಮಾದರಿ, ಐಸ್ ಅದರ ಹೊರಗೆ. ಆದರೆ ದಾರಿಯಲ್ಲಿ ಐಸ್ ಸವೆದು ಜಾಗ ಖಾಲಿಯಾಗುತ್ತದೆ, ಡಬ್ಬಿ ಒಳಗೇ ಉರುಳಾಡುತ್ತದೆ. ಐಸ್ ಪೂರ್ತಿ ಹೋದರೂ ಡಬ್ಬಿ ಅಲುಗದಂತೆ ರಟ್ಟಿನ ಆಧಾರ ಕೊಡಿ. ಕಾಗದ ಉಂಡೆ ಮಾಡಿ ತುರುಕಿದರೆ ಸಾಲದು.

ಕೈಗೆ ಚಳಿ ತಡೆಯುವ ದಪ್ಪ ಗ್ಲೌಸ್ ಹಾಕಿ, ಗಾಳಿಯಾಡುವ ಕೋಣೆಯಲ್ಲಿ ಕೆಲಸ ಮಾಡಿ.

ಪೆಟ್ಟಿಗೆಯ ಮೇಲೆ ಡ್ರೈ ಐಸ್ ಎಂಬ ಹೆಸರು, ಯುಎನ್ 1845 (ಡ್ರೈ ಐಸಿನ ಅಂತರರಾಷ್ಟ್ರೀಯ ಗುರುತು ಸಂಖ್ಯೆ), ಕಳಿಸುವವರ ಮತ್ತು ಪಡೆಯುವವರ ಹೆಸರು ವಿಳಾಸ, ನಿವ್ವಳ ತೂಕ ಬರೆದು 9ನೇ ವರ್ಗದ ಲೇಬಲ್ ಅಂಟಿಸಿ. ಲೇಬಲ್ಲನ್ನು ಮೂಲೆಗೆ ಮಡಚಿ ಅಂಟಿಸಬಾರದು. ಹಳೇ ಪೆಟ್ಟಿಗೆಯಾದರೆ ಹಿಂದಿನ ಗುರುತುಗಳನ್ನು ಅಳಿಸಿ. ನಿವ್ವಳ ತೂಕ ಎಂದರೆ ಐಸಿನದು ಮಾತ್ರ, ಅದೂ ಕೆಜಿಯಲ್ಲಿ. ಇಡೀ ಪೆಟ್ಟಿಗೆಯನ್ನೇ ತೂಗಿ ಬರೆಯುವವರು ಈಗಲೂ ಇದ್ದಾರೆ. ಸರಕಿನ ಜೊತೆ ಹೋಗುವ ಸಾಗಣೆ ಪತ್ರವಾದ ಏರ್‌ವೇ ಬಿಲ್‌ನಲ್ಲೂ ಇದೇ ಅಂಕಿ ಇರಲಿ, ಎಷ್ಟು ಪೆಟ್ಟಿಗೆ ಎಂಬುದೂ ಇರಲಿ.

ಈ ಅಂಕಿ ನೋಡಿಯೇ ವಿಮಾನದವರು ಒಟ್ಟು ಎಷ್ಟು ಐಸ್ ಹತ್ತಿಸಬಹುದು, ಸಾಕುಪ್ರಾಣಿಗಳ ಗೂಡಿನಿಂದ ಎಷ್ಟು ದೂರ ಇಡಬೇಕು ಎಂದು ತೀರ್ಮಾನಿಸುತ್ತಾರೆ. ಒಂದು ಪೆಟ್ಟಿಗೆಗೆ 200 ಕೆಜಿ ಮಿತಿ ಇದ್ದರೂ ಪ್ರತಿ ವಿಮಾನಕ್ಕೆ ಕಂಪನಿಯದ್ದೇ ಲೆಕ್ಕ ಬೇರೆ ಇರುತ್ತದೆ. ಐಸ್ ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ.