ಮಳೆ ಲಿಲ್ಲಿಗಳ ಗುರುತು ಹಿಡಿಯುವುದನ್ನು ನಾನು ಕಲಿತ ಬಗೆ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಕಾಂಪೌಂಡಿಗೆ ಒರಗಿದಂತೆ ಮೂರಡಿ ಅಗಲದ ಒಂದು ಪಟ್ಟಿ ನೆಲವಿದೆ. ಏಪ್ರಿಲ್ ಕೊನೆಯಲ್ಲಿ ಭರಣಿ ಮಳೆ ಒಂದು ಹದ ಬಿದ್ದರೆ ಸಾಕು, ನಾಲ್ಕನೆಯ ಬೆಳಿಗ್ಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅಷ್ಟು ಮಳೆ ಲಿಲ್ಲಿಗಳು ಎದ್ದಿರುತ್ತವೆ. ಬಹಳ ವರ್ಷ ನನಗೆ ಅವು ಗುಲಾಬಿ, ಬಿಳಿ, ಹಳದಿ ಎಂಬ ಮೂರೇ ಬಗೆ. ಇಂದು ಅದೇ ಪಟ್ಟಿಯಲ್ಲಿ ಮತ್ತು ತಾರಸಿಯ ಕುಂಡಗಳಲ್ಲಿ ಒಂಬತ್ತು ಬಗೆ ಇವೆ ಎಂದು ತಿಳಿದಿದೆ. ಅವುಗಳಲ್ಲಿ ಆರಕ್ಕೆ ಹೆಸರನ್ನು ಧೈರ್ಯವಾಗಿ ಹೇಳಬಲ್ಲೆ.

ನೋಡುವುದನ್ನು ಕಲಿಸಿದ್ದು ಬೇರೆಯದೇ ಹೂವು. 2017ರ ಫೆಬ್ರುವರಿಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಕೊರೆಯುವ ಚಳಿಯಲ್ಲಿ, ಬೋಳು ಮರಗಳ ಕೆಳಗೆ, ಬಿಳಿಯ ಸ್ನೋಡ್ರಾಪ್ ಹೂಗಳು ತಲೆ ತಗ್ಗಿಸಿ ನಿಂತಿದ್ದವು. ಎಲ್ಲವೂ ಒಂದೇ ಎಂದುಕೊಂಡೆ. ಪಕ್ಕದ ಮನೆಯ ಹಿರಿಯರೊಬ್ಬರು ಮಂಡಿಯೂರಿ ಕುಳಿತು, ಮಗುವಿನ ಗಲ್ಲ ಹಿಡಿದೆತ್ತುವಂತೆ ಒಂದು ಹೂವನ್ನು ಬೆರಳಿನಿಂದ ಎತ್ತಿ ಒಳಗಿನ ಮೂರು ಗಿಡ್ಡ ಎಸಳುಗಳ ಮೇಲಿದ್ದ ಹಸಿರು ಗುರುತನ್ನು ತೋರಿಸಿದರು. ಒಂದರಲ್ಲಿ ಗುರುತು ತುದಿಯಲ್ಲಿ ಮಾತ್ರ, ಇನ್ನೊಂದರಲ್ಲಿ ಬುಡದಲ್ಲೂ ಇತ್ತು, ಮತ್ತೊಂದರಲ್ಲಿ ಹಸಿರಿನ ಬದಲು ಹಳದಿ. ಬಳಿಕ ಎಲೆಗಳ ಬುಡ ನೋಡಲು ಹೇಳಿದರು. ನಿವಾಲಿಸ್ ಎಂಬ ಸಾಮಾನ್ಯ ಜಾತಿಯಲ್ಲಿ ಎರಡು ಎಲೆಗಳು ಕೈಮುಗಿದಂತೆ ಎದುರುಬದುರಾಗಿ ಅಂಟಿಕೊಂಡು ಏಳುತ್ತವೆ, ಎಲ್ವೆಸಿಯಲ್ಲಿ ಒಂದು ಎಲೆ ಇನ್ನೊಂದನ್ನು ಸುತ್ತಿಕೊಂಡಿರುತ್ತದೆ, ಪ್ಲಿಕೇಟಸ್‌ನಲ್ಲಿ ಎಲೆಯಂಚು ಸೀರೆಯ ಮಡಿಕೆಯಂತೆ ಹಿಂದಕ್ಕೆ ಮಡಚಿರುತ್ತದೆ. ಇಂಥ ಗುರುತುಗಳ ಮೇಲೆಯೇ ಅಲ್ಲಿನವರು ನೂರಾರು ತಳಿಗಳನ್ನು ಬೇರ್ಪಡಿಸುತ್ತಾರೆ. 2015ರಲ್ಲಿ 'ಗೋಲ್ಡನ್ ಫ್ಲೀಸ್' ಎಂಬ ತಳಿಯ ಒಂದೇ ಗೆಡ್ಡೆ 1,390 ಪೌಂಡಿಗೆ ಹರಾಜಾಗಿತ್ತು. ಬೆಲೆಗಿಂತ ನನ್ನನ್ನು ಹಿಡಿದದ್ದು ಹೂವಿನ ಮುಂದೆ ಮಂಡಿಯೂರುವ ಆ ಶ್ರದ್ಧೆ.

ಸ್ನೋಡ್ರಾಪ್ ನಮ್ಮಲ್ಲಿ ಬೆಳೆಯುವುದಿಲ್ಲ. ಮೈಸೂರಿನ ಡಿಸೆಂಬರ್ ಚಳಿ ಅದಕ್ಕೆ ಚಳಿಯೇ ಅಲ್ಲ. ಆದರೆ ಮಳೆ ಲಿಲ್ಲಿ ಅದೇ ಅಮರಿಲ್ಲಿಡೇಸಿ ಕುಟುಂಬದ್ದು. ಊರಿಗೆ ಮರಳಿದ ವರ್ಷವೇ ಭೂತಗನ್ನಡಿ, ಅಳತೆಪಟ್ಟಿ, ಒಂದು ಇನ್ನೂರು ಪುಟದ ನೋಟ್‌ಪುಸ್ತಕ ಹಿಡಿದು ನಮ್ಮ ಪಟ್ಟಿಯ ಮುಂದೆ ಕುಳಿತೆ.

ಮೊದಲ ಪೆಟ್ಟು ಗುಲಾಬಿ ಹೂವಿನಿಂದಲೇ ಬಿತ್ತು. ನರ್ಸರಿಯೊಂದರಲ್ಲಿ 'ರೋಸಿಯಾ' ಎಂಬ ಜಾತಿಯ ಚೀಟಿ ಕಟ್ಟಿ ಕೊಟ್ಟಿದ್ದ ಗೆಡ್ಡೆಗಳವು. ಅಳೆದರೆ ಎಸಳು ಏಳು ಸೆಂಟಿಮೀಟರ್. ಕ್ಯೂಬಾ ಕಡೆಯ ನಿಜವಾದ ರೋಸಿಯಾದ ಹೂವು ಮೂರು ಸೆಂಟಿಮೀಟರಿನ ಆಸುಪಾಸಿನದು. ನನ್ನಲ್ಲಿದ್ದದ್ದು ಮೆಕ್ಸಿಕೋ, ಮಧ್ಯ ಅಮೆರಿಕದ ಕ್ಯಾರಿನೇಟಾ ಎಂಬ ಜಾತಿ. ಹಳೆಯ ಪುಸ್ತಕಗಳು ಅದನ್ನು ಗ್ರಾಂಡಿಫ್ಲೋರಾ ಎನ್ನುತ್ತವೆ. ಈ ಎರಡರ ಹೆಸರು ಅದಲುಬದಲಾಗುವುದು ಎಷ್ಟು ಸಾಮಾನ್ಯವೆಂದರೆ, ಗುಲಾಬಿ ಮಳೆ ಲಿಲ್ಲಿಯ ಚೀಟಿಯನ್ನು ನಾನು ಈಗ ಓದುವುದೇ ಇಲ್ಲ.

ಅದೇ ಸಾಲಿನಲ್ಲಿ ಇನ್ನೊಂದು ಗುಲಾಬಿ ಇತ್ತು, ತುಸು ಮಾಸಲು. ಎರಡು ವರ್ಷ ಅದನ್ನೂ ಕ್ಯಾರಿನೇಟಾ ಎಂದೇ ಬರೆದಿದ್ದೆ. ಒಂದು ಬೆಳಿಗ್ಗೆ ನೆಲಕ್ಕೆ ಕಣ್ಣು ತಾಗುವಷ್ಟು ಬಗ್ಗಿ ಪಕ್ಕದಿಂದ ನೋಡಿದಾಗ ವ್ಯತ್ಯಾಸ ಎದ್ದು ಕಂಡಿತು. ಕ್ಯಾರಿನೇಟಾ ಆಕಾಶ ನೋಡುತ್ತಿತ್ತು, ಇದು ಓರೆಯಾಗಿ ಬೀದಿಯ ಕಡೆ ನೋಡುತ್ತಿತ್ತು. ಎಸಳು ಬಿಡಿಸಿದರೆ ಕೇಸರಗಳು ನಾಲ್ಕು ಬೇರೆ ಬೇರೆ ಉದ್ದದವು. ಅದು ಹ್ಯಾಬ್ರಾಂಥಸ್ ರೋಬಸ್ಟಸ್. ಈಚೆಗೆ ಸಸ್ಯಶಾಸ್ತ್ರಜ್ಞರು ಆ ಕುಲವನ್ನೇ ಉಳಿದ ಮಳೆ ಲಿಲ್ಲಿಗಳ ಕುಲವಾದ ಝೆಫಿರಾಂಥಿಸ್‌ಗೆ ಸೇರಿಸಿದ್ದಾರೆ. ಹೆಸರು ಬದಲಾದರೂ ಹೂವಿನ ಓರೆ ಬದಲಾಗಿಲ್ಲ, ನನ್ನ ಪುಸ್ತಕದಲ್ಲಿ ಅದರ ಪುಟ ಪ್ರತ್ಯೇಕವಾಗಿಯೇ ಇದೆ.

ಎಲ್ಲಕ್ಕಿಂತ ನಂಬುವಂಥ ಗುರುತು ಶಲಾಕಾಗ್ರ, ಅಂದರೆ ಹೂವಿನ ನಡುವಿನ ಹೆಣ್ಣು ಭಾಗದ, ಪರಾಗ ಅಂಟುವ ತುದಿ. ಕ್ಯಾರಿನೇಟಾ, ರೋಸಿಯಾಗಳಲ್ಲಿ ಅದು ಮೂರು ಸ್ಪಷ್ಟ ಕವಲಾಗಿ ಬಿಚ್ಚಿಕೊಳ್ಳುತ್ತದೆ. ಬಿಳಿಯ ಕ್ಯಾಂಡಿಡಾ, ಹಳದಿ ಸಿಟ್ರಿನಾಗಳಲ್ಲಿ ಗುಂಡುಸೂಜಿಯ ತಲೆಯಂತೆ ಗುಂಡಗಿರುತ್ತದೆ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಹೂವು ಪೂರ್ತಿ ಅರಳಿದಾಗ ನೋಡಬೇಕು. ಮೊಗ್ಗಿನಲ್ಲಿ ಕವಲುಗಳು ಅಂಟಿಕೊಂಡಿದ್ದು ಮೋಸ ಮಾಡುತ್ತವೆ. ಗರಿಗಳೂ ಸಾಕ್ಷಿ ಹೇಳುತ್ತವೆ. ಕ್ಯಾಂಡಿಡಾದ ಗರಿ ಜೊಂಡಿನಂತೆ ದಪ್ಪ, ವರ್ಷವಿಡೀ ಹಸಿರು. ಕ್ಯಾರಿನೇಟಾದ್ದು ಚಪ್ಪಟೆ.

ಬೆಳೆಸುವುದು ಕಷ್ಟವೇನಲ್ಲ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಗೆಡ್ಡೆಯ ಕತ್ತು ಮಣ್ಣಿನ ಮಟ್ಟಕ್ಕೆ ಬರುವಂತೆ ನೆಡುತ್ತೇನೆ. ಮಾರ್ಚಿನಲ್ಲಿ ನೀರು ನಿಲ್ಲಿಸಿ ಒಣಗಲು ಬಿಟ್ಟರೆ ಮೊದಲ ಮಳೆಗೆ ಹೂವು ತುಂಬುತ್ತದೆ. ದಿನವೂ ನೀರು ಹಾಕಿದ ಕುಂಡದಲ್ಲಿ ಗರಿಯೇ ಹೆಚ್ಚು. ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳ ಕಂಬಳಿಹುಳು ಬಂದರೆ ಒಂದೇ ರಾತ್ರಿಯಲ್ಲಿ ಗರಿಯೆಲ್ಲ ಖಾಲಿ. ಸಂಜೆ ಟಾರ್ಚ್ ಹಿಡಿದು ಕೈಯಿಂದಲೇ ಆರಿಸುತ್ತೇನೆ.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಒಣಗಲೆಂದು ಮೊರದಲ್ಲಿ ಹರಡಿದ್ದ ಗೆಡ್ಡೆಗಳನ್ನು ನಮ್ಮ ಅತ್ತೆಯವರು ಸಾಂಬಾರ್ ಈರುಳ್ಳಿ ಎಂದುಕೊಂಡು ಹುಳಿಗೆ ಸುಲಿಯತೊಡಗಿದ್ದರು. "ವಾಸನೆಯೇ ಇಲ್ಲವಲ್ಲ, ಇದೆಂಥ ಈರುಳ್ಳಿಯಮ್ಮಾ?" ಎಂದು ಕೂಗಿ ಕೇಳಿದ್ದರಿಂದ ಉಳಿದೆವು. ಅವುಗಳಲ್ಲಿ ಲೈಕೋರಿನ್ ಎಂಬ ವಿಷವಿದೆ, ವಾಂತಿ ಭೇದಿ ತರುತ್ತದೆ. ಅಂದಿನಿಂದ ಗೆಡ್ಡೆಗಳು ಅಡುಗೆಮನೆಯ ಹೊಸ್ತಿಲು ದಾಟಿಲ್ಲ.

ಇನ್ನು ನನ್ನ ಏಳನೆಯ ಕುಂಡ. 2021ರ ಸೆಪ್ಟೆಂಬರಿನಲ್ಲಿ, ಬಿಳಿ ಮತ್ತು ಹಳದಿಯ ನಡುವೆ ತಾನಾಗಿ ಬಿದ್ದು ಹುಟ್ಟಿದ ಒಂದು ಗಿಡ ಹೂ ಬಿಟ್ಟಿತು. ಬಣ್ಣ ಎಳೆ ಬೆಣ್ಣೆಯದು. ಗರಿ ಕ್ಯಾಂಡಿಡಾದಂತೆ ಜೊಂಡು, ಶಲಾಕಾಗ್ರ ಗುಂಡು. ಕ್ಯಾಂಡಿಡಾ ಮತ್ತು ಸಿಟ್ರಿನಾ ಕೂಡಿ ಹುಟ್ಟಿದ 'ಅಜಾಕ್ಸ್' ಎಂಬ ಹಳೆಯ ಮಿಶ್ರತಳಿಯೊಂದಿದೆ. ಗೆಳತಿಯೊಬ್ಬಳು ಅದೇ ಹೆಸರು ಬರೆದುಬಿಡು ಎಂದಳು. ನಾನು ಒಪ್ಪಲಿಲ್ಲ. ಅಜಾಕ್ಸ್ ಎಂಬುದು ಒಂದೇ ಗಿಡದ ಗೆಡ್ಡೆಯಿಂದ ಹಬ್ಬಿದ ತಳಿ. ತಂದೆ ತಾಯಿ ಅವೇ ಆಗಿದ್ದರೂ ನನ್ನ ಅಂಗಳದಲ್ಲಿ ಹುಟ್ಟಿದ್ದು ಅದರ ತಮ್ಮನೋ ತಂಗಿಯೋ ಆದೀತೇ ಹೊರತು ಅದೇ ಆಗದು. ಕುಂಡದ ಮೇಲೆ '7' ಎಂದಷ್ಟೇ ಬರೆದೆ.

ತಂದೆ ತಾಯಿ ಅವೇ ಹೌದೇ ಎಂಬುದನ್ನು ಪರೀಕ್ಷಿಸಲು ಕಳೆದ ಸೆಪ್ಟೆಂಬರಿನಲ್ಲಿ ನಾನೇ ಕೂಡಿಸಿದೆ. ಸಿಟ್ರಿನಾ ತಂದೆಗಿಡದ ಗುಣ ಬೆರೆಯದೆಯೇ ತನ್ನಂಥದೇ ಬೀಜ ಕಟ್ಟುವ ಗಿಡ, ಆದ್ದರಿಂದ ಅದನ್ನು ತಾಯಿಯಾಗಿಸಿ ಪ್ರಯೋಜನವಿಲ್ಲ. ಕ್ಯಾಂಡಿಡಾದ ಮೊಗ್ಗು ಬಿರಿಯುವ ಮುನ್ನ ಕೇಸರಗಳನ್ನು ಚಿಮುಟದಿಂದ ಕಿತ್ತು, ಸಿಟ್ರಿನಾದ ಪರಾಗವನ್ನು ಬಣ್ಣದ ಕುಂಚದಿಂದ ಸವರಿ, ಜೇನ್ನೊಣ ಬಾರದಂತೆ ಹಳೆಯ ಸೊಳ್ಳೆಪರದೆಯ ತುಂಡು ಕಟ್ಟಿದೆ. ಮೂರು ವಾರಕ್ಕೆ ಕಾಯಿ ಒಡೆದು ಕಾಗದದಷ್ಟು ತೆಳ್ಳಗಿನ ಕಪ್ಪು ಬೀಜಗಳು ಸಿಕ್ಕವು. ಇಡದೆ ಅಂದೇ ಬಿತ್ತಿದೆ. ಹನ್ನೆರಡನೆಯ ದಿನಕ್ಕೆ ಕೂದಲಿನಷ್ಟು ಸಣ್ಣ ಹನ್ನೊಂದು ಗರಿಗಳು ಎದ್ದವು. ಹೂವಿಗೆ ಇನ್ನೂ ಒಂದು ಮಳೆಗಾಲ ಕಾಯಬೇಕು. ಆ ಟ್ರೇಯನ್ನು ಏಳನೆಯ ಕುಂಡದ ಪಕ್ಕದಲ್ಲೇ ಇಟ್ಟಿದ್ದೇನೆ.