ಬುಧವಾರ ಐದರಿಂದ ಆರು

ಅಪ್ಪನಿಗೆ ಲಕ್ವಾ ಹೊಡೆದು ಹದಿನಾಲ್ಕು ತಿಂಗಳಾಯಿತು. ಬಲಗೈ, ಬಲಗಾಲು ಮಾತು ಕೇಳುವುದಿಲ್ಲ. ಆಸ್ಪತ್ರೆಯಿಂದ ಬಿಡುವಾಗ ಒಂದು ಫೈಲು, ಒಂದು ಚೀಲ ಗುಳಿಗೆ ಕೈಗಿಟ್ಟು, ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಅಂದರು. ಎಪ್ಪತ್ತು ಕಿಲೋ ಮನುಷ್ಯನನ್ನು ಮಗ್ಗುಲಿಗೆ ಹೊರಳಿಸುವುದು ಹೇಗೆ ಅಂತ ಯಾರೂ ಹೇಳಲಿಲ್ಲ. ಮೊದಲ ವಾರ ಕಂಕುಳಲ್ಲಿ ಕೈ ಹಾಕಿ ಎಳೆದೆ. ನನ್ನ ಸೊಂಟ ಹಿಡಿಯಿತು, ಅವರ ಭುಜ ನೋಯತೊಡಗಿತು.

ಮನೆಗೆ ಬರುತ್ತಿದ್ದ ಫಿಜಿಯೋಥೆರಪಿ ಹುಡುಗಿ ಅದನ್ನು ನೋಡಿ, "ಸೋತ ಕೈ ಹಿಡಿದು ಎಳೀಬ್ಯಾಡ್ರಿ ಸರ, ಭುಜ ಜಾರತದ" ಅಂದಳು. ಅವ್ವನ ಹಳೇ ನೂಲಿನ ಸೀರೆ ನಾಲ್ಕು ಮಡಿಕೆ ಮಾಡಿಸಿ ಅಪ್ಪನ ಭುಜದಿಂದ ತೊಡೆಯವರೆಗೆ ಅಡಿಗೆ ಹಾಸಿದಳು. ಅವರ ಮೊಣಕಾಲು ಮಡಚಬೇಕು. ಸೀರೆಯ ಅಂಚನ್ನು ಮುಷ್ಟಿಗೆ ಸುತ್ತಿಕೊಂಡು ನಮ್ಮ ಮೈಭಾರ ಹಿಂದಕ್ಕೆ ಬಿಡಬೇಕು. ಅಷ್ಟೇ, ಅಪ್ಪ ಹೊರಳಿದರು. ಈಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ದಿನಾ ಸ್ನಾನದ ಹೊತ್ತಿಗೆ ಟೊಂಕದ ಕೆಳಗೆ, ಹಿಮ್ಮಡಿಗೆ ಬೆರಳು ಒತ್ತಿ ನೋಡುತ್ತೇನೆ. ಕೆಂಪಾದ ಜಾಗ ಒತ್ತಿದರೂ ಬೆಳ್ಳಗಾಗದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಅಂತ ಅರ್ಥ.

ಐದನೇ ತಿಂಗಳಲ್ಲಿ ಒಂದು ರಾತ್ರಿ ಅಪ್ಪ ಎದ್ದು ಕೂರಲು ಒದ್ದಾಡಿದರು. ಮಿಲ್ಲಿನ ಭೋಂಗಾ ಹೊಡೀತು, ಶಿಫ್ಟಿಗೆ ಹೋಗಬೇಕು ಅಂತ ಹಟ. ನನ್ನನ್ನು ಯಾರೋ ಅಂದುಕೊಂಡು ಬೈದರು. ಅರಳು ಮರಳು ಶುರುವಾಯ್ತು ಅಂತ ಅವ್ವ ಅತ್ತಳು. ಮರುದಿನ ಓಣಿಯ ಡಾಕ್ಟರು ಮೊದಲು ಮೂತ್ರ ತಪಾಸಣೆ ಮಾಡಿಸಿ ಅಂದರು. ಸೋಂಕು ಇತ್ತು. ವಾರದೊಳಗೆ ಅಪ್ಪ ಮೊದಲಿನಂತಾದರು. ವಯಸ್ಸಾದವರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ಅದು ಮರೆವಿನ ಕಾಯಿಲೆಯೇ ಅಂತ ಸುಮ್ನೆ ಕೂರಬಾರದು. ಮೂತ್ರದ ಸೋಂಕಿಗೂ ಹೀಗಾಗುತ್ತದೆ, ಸೋಡಿಯಂ ಇಳಿದರೂ ಆಗುತ್ತದೆ. ನಿಜವಾಗಿಯೂ ಮರೆವು ಏರುತ್ತಾ ಹೋದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆಯಲ್ಲ. ಆದರೆ ನಮ್ಮ ಕಡೆ ಧಾರವಾಡಕ್ಕೆ ಕರೆದುಕೊಂಡು ಹೋಗ್ತೀನಿ ಅಂದರೆ ಜನ ಇನ್ನೂ ನಗುತ್ತಾರೆ. ನಗಲಿ.

ಕಾಗದದ ಕೆಲಸ ಬೇರೆ. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಎರಡನೇ ತಿಂಗಳೇ ಓಡಾಡಿ ಎರಡು ದಿನ ಹಾಳು ಮಾಡಿಕೊಂಡೆ. ಲಕ್ವಾ ಹೊಡೆದು ಆರು ತಿಂಗಳಾದ ಮೇಲೆಯೇ ಅಳೆಯುತ್ತಾರೆ ಅಂತ ಮೂರನೇ ಕಿಟಕಿಯಲ್ಲಿ ಹೇಳಿದರು. ಮೊದಲನೆಯದರಲ್ಲೇ ಹೇಳಬಹುದಿತ್ತು, ಅಲ್ವಾ? ಆಮೇಲೆ ಕಲಿತೆ, ಎಲ್ಲಿಗಾದರೂ ಹೊರಡುವ ಮೊದಲು 14567ಕ್ಕೆ ಫೋನ್ ಮಾಡುವುದು. ಹಿರಿಯರ ಸಹಾಯವಾಣಿ, ಬೆಳಿಗ್ಗೆ 8ರಿಂದ ರಾತ್ರಿ 8. ನೋಡಿಕೊಳ್ಳುವ ನಾವೂ ಕೇಳಬಹುದು.

ಅಪ್ಪನದು ಪಿಎಫ್ ಪಿಂಚಣಿ, ಸಾವಿರ ಚಿಲ್ಲರೆ. ಅದಕ್ಕೂ ವರ್ಷಕ್ಕೊಮ್ಮೆ ಜೀವಂತ ಇದ್ದೇನೆ ಅಂತ ತೋರಿಸಬೇಕು. ಸರ್ಕಾರಿ ಪಿಂಚಣಿಯವರ ಹಾಗೆ ನವೆಂಬರಿಗೇ ಕಾಯಬೇಕಾಗಿಲ್ಲ, ಈ ಪಿಂಚಣಿಗೆ ಯಾವ ತಿಂಗಳಾದರೂ ನಡೆಯುತ್ತದೆ, ಅಲ್ಲಿಂದ ಒಂದು ವರ್ಷ ಲೆಕ್ಕ. ಅಂಚೆಯವರು ಮನೆಗೇ ಬಂದರು. ಮಿಲ್ಲಿನಲ್ಲಿ ಸವೆದ ಬೆರಳು, ಮಶೀನಿಗೆ ಗೆರೆ ಸಿಗಲೇ ಇಲ್ಲ. ಕೊನೆಗೆ ಮೊಬೈಲಿನಲ್ಲಿ ಮುಖ ಹಿಡಿದರು. ಕಣ್ಣು ಮಿಟುಕಿಸಬೇಕು. ಅಪ್ಪ ಗುರಾಯಿಸಿಕೊಂಡು ಕೂತರು. "ಜೀವಂತ ಅದೀನಿ ಅಂತ ಒಂದು ಸಲ ಕಣ್ಣು ಹೊಡೀರಿ" ಅಂತ ಅವ್ವ ಅಂದಳು. ಅಂಚೆಯವರಿಗೇ ನಗು ತಡೆಯಲಾಗಲಿಲ್ಲ. ಅಪ್ಪ ಅವ್ವನ ಕಡೆ ತಿರುಗಿ ಕಣ್ಣು ಹೊಡೆದರು. ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಇಷ್ಟೆಲ್ಲ ಆದರೂ ನಾನು ಸೋತಿದ್ದೆ. ನಿದ್ದೆ ಇಲ್ಲ, ಹೆಂಡತಿಯ ಮೇಲೆ ರೇಗಾಟ. ಏಜೆನ್ಸಿಯಿಂದ ಬಂದ ಆಳು ಮೂರನೇ ದಿನ ಬರಲೇ ಇಲ್ಲ, ಮುಂಗಡವೂ ವಾಪಸ್ ಬರಲಿಲ್ಲ. ಓಣಿಯವರು, ನೆಂಟರು ಎಲ್ಲ "ಏನರ ಬೇಕಾದ್ರ ಹೇಳ್ರಿ" ಅನ್ನುತ್ತಿದ್ದರು. ನಾನು "ಹೂಂ" ಅನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು. ಅವರದು ಬಾಯಿಮಾತು ಅಂತ ಸಿಟ್ಟು ಬರುತ್ತಿತ್ತು. ಆದರೆ ಅವರಿಗಾದರೂ ಏನು ಮಾಡಬೇಕು ಅಂತ ಹೇಗೆ ಗೊತ್ತಾಗಬೇಕು? ನಾನು ಬಾಯಿ ಬಿಟ್ಟಿರಲೇ ಇಲ್ಲ.

ಒಂದು ದಿನ ನಾಚಿಕೆ ಬಿಟ್ಟು ಎದುರು ಮನೆಯ ರಿಟೈರ್ಡ್ ಮಾಸ್ತರರಿಗೆ ಕೇಳಿದೆ. ಸಹಾಯ ಬೇಕು ಅನ್ನಲಿಲ್ಲ. ಬುಧವಾರ ಸಂಜೆ ಐದರಿಂದ ಆರು, ಅಪ್ಪನ ಮುಂದೆ ಕೂತು ಪೇಪರ್ ಓದ್ತೀರಾ ಅಂದೆ. "ಇಷ್ಟೇನಾ?" ಅಂದರು. ಅಂದಿನಿಂದ ತಪ್ಪಿಸಿಲ್ಲ. ಹಾವೇರಿಯಲ್ಲಿರುವ ತಂಗಿ ದಿನಾ ಫೋನಿನಲ್ಲಿ ಉಪದೇಶ ಮಾಡುತ್ತಿದ್ದಳು. ಗುಳಿಗೆ ಲೆಕ್ಕ, ಜನೌಷಧಿ ಅಂಗಡಿಗೆ ಫೋನು, ಡಾಕ್ಟರ ಅಪಾಯಿಂಟ್‌ಮೆಂಟ್ ಎಲ್ಲ ನಿನ್ನದು, ತಿಂಗಳ ಮೊದಲ ಶನಿವಾರ ರಾತ್ರಿ ನೀನೇ ಇಲ್ಲಿ ಮಲಗಬೇಕು ಅಂದೆ. ಉಪದೇಶ ತಾನಾಗಿ ಕಡಿಮೆಯಾಯಿತು. ಒಂದು ರಾತ್ರಿ ಎರಡು ಗಂಟೆಗೊಮ್ಮೆ ಎದ್ದ ಮೇಲೆ ಆಕೆಯೇ ಗಾಳಿ ಹಾಸಿಗೆ ಕೊಡಿಸಿದಳು.

ಬುಧವಾರದ ಆ ಒಂದು ಗಂಟೆ ನಾನು ಉಣಕಲ್ ಕೆರೆಯ ದಂಡೆಗೆ ಹೋಗುತ್ತೇನೆ. ಮೊದಲ ವಾರ ಅರ್ಧ ಸುತ್ತಿಗೇ ಹೆದರಿ ವಾಪಸ್ ಬಂದಿದ್ದೆ. ಬಾಗಿಲಲ್ಲಿ ನಿಂತು ನೋಡಿದರೆ ಮಾಸ್ತರು ಹುಬ್ಬಳ್ಳಿ ಮಾರ್ಕೆಟ್ಟಿನ ಮೆಣಸಿನಕಾಯಿ ದರ ಓದುತ್ತಿದ್ದರು. ಅಪ್ಪ ಎಡಗೈ ಎತ್ತಿ ನನಗೆ, ಹೋಗು ಹೋಗು ಅಂತ ಸನ್ನೆ ಮಾಡಿದರು.