ಹಳೇ ಬಂಗಲೆ ವೈರಿನಲ್ಲಿ ಸ್ಪೀಕರ್ ಕೇಬಲ್, ಪವರ್ ಕಾರ್ಡ್: ನನ್ನ ಅನುಭವ

ಹೋದ ಮಳೆಗಾಲ ಪೂರ್ತಿ, ಕಕ್ಕಡದ ಮಳೇನೂ ಸೇರಿ, ನನ್ನ ಆಂಪ್ಲಿಫೈಯರ್ ಓಡಿದ್ದು ಕೊಡಗಿನ ಪೊಲಿಬೆಟ್ಟ ಕಡೆಯ ಒಂದು ಹಳೇ ತೋಟದ ಬಂಗಲೆಯಿಂದ ಬಿಚ್ಚಿ ತಂದ ವೈರಿನ ತಾಮ್ರದಲ್ಲಿ. ತಿಂಗಳಿಗೊಮ್ಮೆ ಮೆಗ್ಗರ್ (ಇನ್ಸುಲೇಶನ್ ಗಟ್ಟಿ ಇದ್ಯಾ ಅಂತ ಅಳೆಯೋ ಮೀಟರ್) ಹಾಕಿ ನೋಡಿದೆ, ರೀಡಿಂಗ್ ಇಳೀಲೇ ಇಲ್ಲ. "ಮನೆ ಸುಟ್ಕೊಳ್ತೀರಿ ಮಾರಾಯ್ರೆ" ಅಂದಿದ್ದ ನಮ್ಮ ಎಲೆಕ್ಟ್ರಿಷನ್, "ಕಂಬದಿಂದ ಇಲ್ಲೀವರೆಗೆ ಅಲ್ಯೂಮಿನಿಯಂ ತಂತಿ, ಕೊನೇ ಒಂದೂವರೆ ಮೀಟರ್ ಬದ್ಲಾಯ್ಸಿ ಏನ್ ಸಿಗತ್ತೆ ಭಾವ" ಅಂತಿದ್ದ ಭಾವ, ಇಬ್ರೂ ಈಗ ಬಂದು ಕೂತು ಕೇಳ್ತಾರೆ, ಹಾಗಾಗಿ ಬರೀತಿದೀನಿ. ಕ್ರಿಂಪಿಂಗ್, ಸೋಲ್ಡರಿಂಗ್, ಮೆಗ್ಗರ್ ಎಲ್ಲ ಕೈಗೆ ಹಿಡಿದವರಿಗೆ ಮಾತ್ರ ಇದು, 230 ವೋಲ್ಟಿನಲ್ಲಿ ಹೊಸದಾಗಿ ಕಲಿಯೋಕೆ ಹೋಗ್ಬೇಡಿ.

ಬಂಗಲೇನ ಹೋಮ್‌ಸ್ಟೇ ಮಾಡೋಕೆ ಪೂರ್ತಿ ರೀವೈರಿಂಗ್ ಮಾಡಿಸ್ತಿದ್ರು. ಮರದ ಕೇಸಿಂಗ್ ಒಳಗೆ ಓಡಿದ ಹಳೇ ರಬ್ಬರ್ ವೈರು, ಮೇಲೆ ಮೇಣ ಹಿಡಿದ ಹತ್ತಿ ಹೆಣಿಗೆ, ಒಳಗೆ ತವರ ಲೇಪಿಸಿದ ತಾಮ್ರ. ಆ ಕಾಲದಲ್ಲಿ ತವರ ಹಾಕಿದ್ದು ಶೋಕಿಗಲ್ಲ, ರಬ್ಬರಿನ ಗಂಧಕ ತಾಮ್ರವನ್ನ ತಿನ್ನತ್ತೆ ಅಂತ. ಸೈಜು ಹೆಚ್ಚಿನದು 3/.029, ಅಂದ್ರೆ ಇಂಚಿನ ಸಾವಿರದಲ್ಲಿ 29 ಭಾಗ ದಪ್ಪದ ಮೂರು ಎಳೆ, ಒಟ್ಟು ಸುಮಾರು 1.3 ಚದರ ಮಿ.ಮೀ. ಜನ ಸ್ಪೀಕರಿಗೆ ಅಂತ ಹುಡುಕಿ ಹುಡುಕಿ ತರಿಸೋ ಅಮೆರಿಕದ ಬೆಲ್ಡನ್ ಕಂಪನಿಯ 9497 ವೈರು ಇದ್ಯಲ್ಲ, ಕಿತ್ತಳೆ ಕಪ್ಪು ಜೋಡಿ, ಅದು 16 ಗೇಜು, ಅದೂ ತವರದ ತಾಮ್ರ, ಅದೂ 1.3 ಚದರ ಮಿ.ಮೀ. ಎಳೆ ಮಾತ್ರ ಅದರದ್ದು ಸಣ್ಣ. ಈ ತೋಟದ ಬಂಗಲೆ ಗೋಡೇಲಿ ಇದ್ದಿದ್ದೂ ಆ ಜಾತಿಯದ್ದೇ, ಅದನ್ನ ಗುಜರಿಯವನಿಗೆ ತೂಕಕ್ಕೆ ಹಾಕ್ತಿದ್ರು. ನಾನು ಗುಜರಿ ರೇಟಿಗಿಂತ ಸ್ವಲ್ಪ ಜಾಸ್ತಿ ಕೊಟ್ಟು, ಹತ್ರ ಹತ್ರ 2000 ರೂಪಾಯಿಗೆ ಒಂದು ಗೋಣಿಚೀಲ ತಂದೆ.

ಇದಕ್ಕೂ ಮುಂಚೆ ಆನ್‌ಲೈನಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಅನ್ನೋ ಹಳೇ ಅಮೆರಿಕನ್ ಕಂಪನಿ ಹೆಸರಲ್ಲಿ ಒಂದು ಕಟ್ಟು ವೈರು ತರಿಸಿದ್ದೆ, 9000 ಹೋಯ್ತು. ಮೇಲೆ ಚಂದದ ಹತ್ತಿ, ಒಳಗೆ ಹೊಸ ಪ್ಲಾಸ್ಟಿಕ್. ಕಾದ ತಾಮ್ರದ ತಂತೀನ ಆ ಪ್ಲಾಸ್ಟಿಕ್ಕಿಗೆ ತಾಗಿಸಿ ಗ್ಯಾಸ್ ಬೆಂಕಿಗೆ ಹಿಡಿದ್ರೆ ಜ್ವಾಲೆ ಹಸಿರಾಯ್ತು, ಅಂದ್ರೆ ಪಿವಿಸಿ. ಹಳೇ ರಬ್ಬರಾದ್ರೆ ಟೈರ್ ಸುಟ್ಟ ವಾಸನೆ ಬರತ್ತೆ. ಕಿಟಕಿ ತೆಗೆದು ಮಾಡಿ, ಚೂರೇ ಚೂರು ಸಾಕು.

ಈಗ ಮುಖ್ಯ ವಿಷಯ. ಹಳೇ ವೈರು ಅಂದ ತಕ್ಷಣ ಎಲ್ರೂ ಆ ಹತ್ತಿ, ಆ ರಬ್ಬರು, ಆ ನೋಟಕ್ಕೆ ಬೀಳ್ತಾರೆ. ಕೊಡಗಲ್ಲಿ ಅದು ನಡೆಯಲ್ಲ. ಹತ್ತಿ ಇದ್ದ ಹಾಗೇ ಒಂದು ಜೋಡಿ ಸ್ಪೀಕರಿಗೆ ಹಾಕಿದ್ದೆ, ಜುಲೈ ಮುಗಿಯೋದ್ರೊಳಗೆ ಬಿಳೀ ಬೂಷ್ಟು ಹಿಡೀತು. ಅದೇ ತುಂಡನ್ನ 500 ವೋಲ್ಟ್ ಮೆಗ್ಗರಲ್ಲಿ ನೋಡಿದ್ರೆ 1 ಮೆಗಾಓಮ್ ಕೂಡ ಇಲ್ಲ. ಬಟ್ಟೆ ಬೀರುವಲ್ಲಿ ಬಲ್ಬ್ ಉರಿಸ್ತೀವಲ್ಲ, ಅದ್ರೊಳಗೆ ಒಂದು ವಾರ ಇಟ್ಟೆ, ರೀಡಿಂಗ್ ಮೇಲೆ ಬಂತು, ಹೊರಗೆ ತೆಗೆದು ನಾಲ್ಕು ದಿನಕ್ಕೆ ಮತ್ತೆ ಬಿತ್ತು. ರಬ್ಬರಂತೂ ಬಗ್ಗಿಸಿದ್ರೆ ಒಣಗಿದ ಚಕ್ಕೆ ಥರ ಉದುರತ್ತೆ. ಆದ್ರಿಂದ ನನ್ನ ಲೆಕ್ಕ ಇಷ್ಟೇ, ತಾಮ್ರ ಇಟ್ಕೊಳ್ಳಿ, ಮೇಲಿಂದೆಲ್ಲ ಎಸೀರಿ. ಬೂದು ಬಣ್ಣದ ನಾರು ನಾರಾದ ಇನ್ಸುಲೇಶನ್ ಇದ್ರೆ (ಹಳೇ ಇಸ್ತ್ರಿಪೆಟ್ಟಿಗೆ, ಹೀಟರ್ ಕಡೆ ವೈರು) ಮುಟ್ಟಲೇ ಬೇಡಿ, ಅದು ಆಸ್ಬೆಸ್ಟಾಸ್ ಇರಬಹುದು. ಸೀಸದ ಕವಚದ ವೈರೂ ಸಿಗತ್ತೆ, ಅದಕ್ಕೆ ಗ್ಲೌಸ್ ಬೇಕು.

ತಾಮ್ರ ಬಿಡಿಸೋದ್ರಲ್ಲೇ ಜೀವ ಹೋಗೋದು. ಸುಟ್ಟು ತೆಗೆದ್ರೆ ತವರ ಹಾಳು, ತಾಮ್ರ ಕಪ್ಪು, ಸೋಲ್ಡರ್ ಹಿಡಿಯಲ್ಲ, ಹೊಗೆ ಬೇರೆ. ಬ್ಲೇಡಲ್ಲಿ ಕೊಯ್ದ್ರೆ ಎಳೆಗೆ ಗೀರು ಬಿದ್ದು ಆಮೇಲೆ ಅಲ್ಲೇ ತುಂಡಾಗತ್ತೆ. ಸರಿಯಾದದ್ದು ಸೀಮೆಎಣ್ಣೆ. ಎರಡು ಮೀಟರ್ ತುಂಡು ಮಾಡಿ ಉದ್ದದ ಪೈಪಲ್ಲಿ ಒಂದು ರಾತ್ರಿ ನೆನೆಸಿಟ್ರೆ ರಬ್ಬರು ಊದ್ಕೊಂಡು ಮೆತ್ತಗಾಗತ್ತೆ, ಬೆರಳಲ್ಲಿ ಹಿಂಡಿ ಎಳೆದ್ರೆ ಕೋಳಿಮೊಟ್ಟೆ ಸಿಪ್ಪೆ ಬಿಟ್ಟ ಹಾಗೆ ಬರತ್ತೆ. ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿ ಬಿಸಿಲಲ್ಲಿ ಒಣಗಿಸಿ. ಸೀಮೆಎಣ್ಣೆಗೆ ನಾನು ಇನ್ನೊಂದು ಸಾಮಾನು ಸೇರಿಸ್ತೀನಿ, ಅದರಿಂದ ಅಂಟು ಉಳಿಯಲ್ಲ, ಅದನ್ನ ಮಾತ್ರ ಇಲ್ಲಿ ಹೇಳಲ್ಲ. ಬಿಡಿಸಿದ ತಂತೀನ ಬೆಳಕಿಗೆ ಹಿಡಿದು ಗೇಣು ಗೇಣು ನೋಡ್ಬೇಕು, ಮಾಸಿದ ಬೆಳ್ಳಿ ಬಣ್ಣ ಇದ್ರೆ ಒಳ್ಳೇದು, ಎಲ್ಲಿ ತವರ ಹರಿದು ಕಪ್ಪು ಚುಕ್ಕೆ ಕಾಣತ್ತೋ ಅಲ್ಲಿ ಗಂಧಕ ತಾಮ್ರ ತಿಂದಿದೆ ಅಂತ, ಆ ತುಂಡು ಕತ್ತರಿಸಿ ಬಿಸಾಡಿ. ನನ್ನ ಚೀಲದಲ್ಲಿ ಮೂರರಲ್ಲಿ ಒಂದು ಭಾಗ ಹೀಗೇ ಹೋಯ್ತು.

ಮೇಲೆ ಹೊಸ ಬಟ್ಟೆ. ಮೋಟಾರ್ ವೈಂಡಿಂಗ್ ಅಂಗಡೀಲಿ ಸಿಗೋ ಫೈಬರ್‌ಗ್ಲಾಸ್ ಸ್ಲೀವ್, ಗೋಣಿಕೊಪ್ಪದಲ್ಲೇ ಸಿಕ್ತು, ಅದರ ಮೇಲೆ ಉದ್ದಕ್ಕೂ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಬಿಗಿಯಾಗಿ ಕೂರೋ ಟ್ಯೂಬ್). ಸ್ಪೀಕರಿಗೆ ಅಷ್ಟು ಸಾಕು. ಪವರ್ ಕಾರ್ಡಿಗೆ ಇದರ ಮೇಲೆ ಹೊರಗಿನ ಪಿವಿಸಿ ಟ್ಯೂಬ್ ಬೇಕೇ ಬೇಕು, ಮತ್ತೆ ಅರ್ತ್ ವೈರು ಮಾತ್ರ ಹೊಸಾ ಹಸಿರು ವೈರು, ಅದರಲ್ಲಿ ಹಳೇದರ ಪ್ರೀತಿ ಬೇಡ. ದಪ್ಪ ಎಳೆ ಆದ್ದರಿಂದ ಪದೇ ಪದೇ ಬಗ್ಗಿಸೋ ಜಾಗಕ್ಕೆ ಇದು ಆಗಲ್ಲ, ಒಂದ್ಸಲ ಆಕಾರ ಕೊಟ್ಟು ರ‍್ಯಾಕ್ ಹಿಂದೆ ಕೂರಿಸಿಬಿಡಬೇಕು. ಜೋಡೀನ ಹೊಸೆಯೋಕೆ ಒಂದು ತುದಿ ಸಿಲ್ವರ್ ಓಕಿಗೆ ಕಟ್ಟಿ ಇನ್ನೊಂದು ತುದಿ ಡ್ರಿಲ್ ಮಷೀನಿಗೆ, ನಿಧಾನಕ್ಕೆ, ಇಂಚಿಗೆ ಒಂದು ಸುತ್ತು ಬರೋ ಹಾಗೆ.

ತುದಿ ಬಗ್ಗೆ ಒಂದು ಮಾತು. ಸ್ಕ್ರೂ ಕೆಳಗೆ ಕೂರೋ ತುದಿಗೆ ಸೋಲ್ಡರ್ ತುಂಬಬೇಡಿ. ಒತ್ತಡಕ್ಕೆ ಸೋಲ್ಡರ್ ಮೆಲ್ಲ ಜಾರತ್ತೆ, ಕೆಲವು ತಿಂಗಳಲ್ಲಿ ಸ್ಕ್ರೂ ಸಡಿಲ, ಬಿಸಿ, ಕಪ್ಪು. ಲಗ್ (ತುದಿಗೆ ಹಾಕೋ ಲೋಹದ ಟೋಪಿ) ಹಾಕಿ ಒತ್ತಿ ಕ್ರಿಂಪ್ ಮಾಡಿ. ಹಳೇ ವೈರಿಗೆ ಹೆಸರು ಕೆಟ್ಟಿರೋದು ಅರ್ಧ ಇದೇ ಕಾರಣಕ್ಕೆ.

ಕೇಳೋಕೆ ಹೇಗೆ ಅಂತೀರ. ನನ್ನದು ಬಿಇಎಲ್ ಕಂಪನಿಯ ಇಎಲ್84 ವಾಲ್ವಿನ (ಹಳೇ ಗಾಜಿನ ಟ್ಯೂಬ್) ಆಂಪ್ಲಿಫೈಯರ್, ಪುಶ್‌ಪುಲ್, ಸ್ಪೀಕರ್ ಫಿಲಿಪ್ಸಿನ ಹಳೇ 8 ಇಂಚಿನ ಫುಲ್‌ರೇಂಜ್. ಸ್ಪೀಕರಿಗೆ ಐದು ಮೀಟರ್ ಓಟ, ಹೋಗಿಬರೋದು ಸೇರಿ 0.13 ಓಮ್ ಆಸುಪಾಸು, ಅಷ್ಟಕ್ಕೆ ವಾಲ್ವ್ ಆಂಪ್ಲಿಫೈಯರ್ ತಲೆ ಕೆಡಿಸ್ಕೊಳ್ಳಲ್ಲ. ಭಾವನ್ನ ಪರದೆ ಹಿಂದೆ ಕೂರಿಸಿ ವೈರು ಬದಲಾಯ್ಸೋಕೆ ಹೇಳಿದೆ, ಹಾಕಿದ್ದು ನಾನೇ ಹುತ್ತರಿಯಲ್ಲಿ ರೆಕಾರ್ಡ್ ಮಾಡಿದ ದುಡಿ ಮತ್ತೆ ವಾಲಗ. ಮಾಮೂಲಿ ವೈರಾ ಹಳೇದಾ ಅಂತ ಹೆಚ್ಚಿನ ಸಲ ಸರಿಯಾಗೇ ಹೇಳಿದೆ, ದುಡಿಯ ಚರ್ಮದ ಏಟು ಹಳೇದ್ರಲ್ಲಿ ಮೈಗೆ ಹತ್ರ ಬರತ್ತೆ. ಪವರ್ ಕಾರ್ಡ್ ವಿಷಯದಲ್ಲಿ ಹಾಗೆ ಹೇಳಲ್ಲ, ಅಲ್ಲಿ ನನಗೆ ಸಿಕ್ಕಿದ್ದು ಹಮ್ (ಸ್ಪೀಕರಿನ ಗುಂಯ್ ಸದ್ದು) ಹೋಗಿದ್ದು, ಅದರಲ್ಲಿ ಹೊಸೆದಿದ್ದಕ್ಕೂ, ಇದ್ದಿಲು ಉಪ್ಪು ಹಾಕಿ ಹೊಸದಾಗಿ ತೋಡಿಸಿದ ಅರ್ತ್ ಗುಂಡಿಗೂ ಪಾಲಿದೆ. ಮತ್ತೆ ಸ್ಟೆಬಿಲೈಜರ್ ಇಲ್ದೆ ಈ ಕೆಲಸಕ್ಕೆ ಇಳೀಬೇಡಿ. ಫೆಬ್ರವರಿ ಮಾರ್ಚಲ್ಲಿ ಕಾಫಿ ಹೂವಿನ ನೀರಿಗೆ ಎಲ್ಲ ತೋಟದಲ್ಲೂ ಪಂಪ್ ಶುರುವಾದ್ರೆ ನಮ್ಮ ಲೈನಲ್ಲಿ 190 ವೋಲ್ಟ್, ಆಗ ವಾಲ್ವ್ ಒಳಗಿನ 6.3 ವೋಲ್ಟಿನ ಹೀಟರಿಗೆ ಸಿಗೋದು ಬರೀ 5.2. ಯಾವ ವೈರು ಹಾಕಿದ್ರೂ ವಾಲ್ವ್ ಹಾಡಲ್ಲ.

ನಡುವೆ ಬೇರೆ ಬೇರೆ ನೋಡ್ದೆ. ರಿಟೈರ್ಡ್ ಸುಬೇದಾರ್ ಮಾವ ಒಬ್ರು ಫೀಲ್ಡ್ ಟೆಲಿಫೋನ್ ವೈರಿನ ಒಂದು ಸುರುಳಿ ಕೊಟ್ರು, ಮ್ಯಾಗ್ನೆಟ್ ಅಂಟ್ಕೊಳ್ತು, ಗಟ್ಟಿ ಇರ್ಲಿ ಅಂತ ತಾಮ್ರದ ಜೊತೆ ಸ್ಟೀಲ್ ಎಳೆ ಸೇರಿಸಿರ್ತಾರೆ. ಸ್ಪೀಕರಿಗೆ ಅದು ಬೇಡ, ತೋಟದ ಗೇಟಿನ ಬೆಲ್ಲಿಗೆ ಹಾಕಿದೀನಿ, ಜಬರ್ದಸ್ತಾಗಿದೆ. ಹಳೇ ಲ್ಯಾಂಪಿನ 40/.0076 ಹತ್ತಿ ಫ್ಲೆಕ್ಸ್ ಸಿಕ್ಕಿತ್ತು, ಎಳೆ ಕೂದಲಷ್ಟು ಸಣ್ಣ, ರಬ್ಬರ್ ಬಿಡಿಸೋವಾಗ್ಲೇ ತುಂಡು ತುಂಡು. ಕೈಬಿಟ್ಟೆ.

ಖರ್ಚು: ವೈರಿಗೆ 2000, ಸ್ಲೀವ್ ಹೀಟ್ ಶ್ರಿಂಕ್ ಟ್ಯೂಬಿಗೆ 1500ರ ಹತ್ರ, ಪ್ಲಗ್ಗು, ಲಗ್ಗು, ಸ್ಪೀಕರಿನ ಬನಾನಾ ಪ್ಲಗ್ಗು ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿಂದ, ಅದಕ್ಕೆ 2500 ಇರಬೇಕು. ಆ 9000ದ ಪಿವಿಸಿ ಲೆಕ್ಕಕ್ಕೆ ಹಿಡಿದಿಲ್ಲ. ಎರಡು ಜೋಡಿ ಸ್ಪೀಕರ್ ಕೇಬಲ್, ಮೂರು ಪವರ್ ಕಾರ್ಡ್ ಆಯ್ತು, ಇನ್ನೂ ಅರ್ಧ ಚೀಲ ಇದೆ. ಈಗ ಸುಂಟಿಕೊಪ್ಪ ಕಡೆ ಒಂದು ಮನೇಲಿ 7/.029 ಇದೆ ಅಂತ ಸುದ್ದಿ, ಮೇನ್ ಬೋರ್ಡಿಗೆ ಹೋಗಿರೋದು. ಕಾಫಿ ಕೊಯ್ಲು ಮುಗಿದ ಮೇಲೆ ಬಿಚ್ಚುತ್ತಾರಂತೆ, ಅಡ್ವಾನ್ಸ್ ಕೊಟ್ಟು ಬಂದಿದೀನಿ.